ಜ್ವರದ ದಿನಗಳನ್ನು ಎಣಿಸಿ

ಮಕ್ಕಳೇ, ಕೊರೊನಾ ಬಂದಾಗ ನಿಮ್ಮಲ್ಲಿ ಹಲವರು ಇನ್ನೂ ಹೈಸ್ಕೂಲಿನಲ್ಲಿದ್ದಿರಿ, ಕೆಲವರು ಆಗಷ್ಟೇ ಕಾಲೇಜು ಮೆಟ್ಟಿಲು ಹತ್ತಿದ್ದಿರಿ. ಈಗ ಕೆಲಸಕ್ಕೆ ಸೇರಿದ್ದೀರಿ, ಪಿ.ಜಿ.ಯಲ್ಲೋ ಬಾಡಿಗೆ ರೂಮಿನಲ್ಲೋ ಇದ್ದೀರಿ. ಮೈ ಬಿಸಿಯಾದರೆ ಒಂದು ಡೋಲೊ ನುಂಗಿ ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರುತ್ತೀರಿ. ಯಾರಾದರೂ ಎಚ್ಚರ ಹೇಳಿದರೆ "ನಮ್ಮ ವಯಸ್ಸಿಗೆ ಏನೂ ಆಗಲ್ಲ ಬಿಡಿ ಡಾಕ್ಟರಮ್ಮ" ಅನ್ನುತ್ತೀರಿ. ಈ ಮಾತಿನ ಬಗ್ಗೆಯೇ ನಿಮ್ಮೊಂದಿಗೆ ಸ್ವಲ್ಪ ಕೂತು ಮಾತಾಡಬೇಕು ಅನ್ನಿಸಿದೆ.

ನಿಮ್ಮ ಮಾತು ಪೂರ್ತಿ ಸುಳ್ಳಲ್ಲ. ಲಸಿಕೆ ಇನ್ನೂ ಬಂದಿರದ 2020ರಲ್ಲಿ, ಸೋಂಕು ತಗುಲಿದ 25ರ ಆಸುಪಾಸಿನವರಲ್ಲಿ ಜೀವ ಕಳೆದುಕೊಂಡವರು ಸುಮಾರು 10,000ಕ್ಕೆ ಒಬ್ಬರು. 75ರ ಆಸುಪಾಸಿನಲ್ಲಿ 100ಕ್ಕೆ ನಾಲ್ಕೈದು ಮಂದಿ. ಈ ರೋಗದಲ್ಲಿ ವಯಸ್ಸಿನಷ್ಟು ದೊಡ್ಡ ಅಪಾಯ ಬೇರೊಂದಿಲ್ಲ. ಭಾರತದಲ್ಲಿ ಕೊರೊನಾಕ್ಕೆ ಬಲಿಯಾದ ಮೊದಲ ವ್ಯಕ್ತಿ ನಮ್ಮ ಕಲಬುರಗಿಯ 76 ವರ್ಷದ ಹಿರಿಯರು. ಆದರೆ ಅದಕ್ಕೆ ಒಂದು ತಿಂಗಳು ಮುಂಚೆ, ಹೊಸ ಕಾಯಿಲೆ ಬಂದಿದೆ ಎಂದು ಜೊತೆಯ ವೈದ್ಯರನ್ನು ಎಚ್ಚರಿಸಿದ್ದ ವುಹಾನ್‌ನ ಕಣ್ಣಿನ ಡಾಕ್ಟರು ಲಿ ವೆನ್‌ಲಿಯಾಂಗ್ ಅದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಅವರಿಗೆ 33. ಹತ್ತು ಸಾವಿರಕ್ಕೆ ಒಬ್ಬರು ಅಂದರೆ ಕಡಿಮೆ ಅನ್ನಿಸುತ್ತದೆ. ಕೋಟಿಗಟ್ಟಲೆ ಮಂದಿಗೆ ಸೋಂಕು ತಗುಲುವ ದೇಶದಲ್ಲಿ ಆ ಒಬ್ಬೊಬ್ಬರೂ ಸೇರಿ ಸಾವಿರಾರು ಮನೆಗಳಾಗುತ್ತವೆ.

ಹತ್ತು ಸಾವಿರದಲ್ಲಿ ಆ ಒಬ್ಬರು ಯಾರು? ಒಂದೇ ಆಫೀಸಿನಲ್ಲಿ ಒಂದೇ ದಿನ ಸೋಂಕು ತಗುಲಿಸಿಕೊಂಡ ಇಬ್ಬರಲ್ಲಿ ಒಬ್ಬ ಮೂರು ದಿನಕ್ಕೆ ಎದ್ದು ಓಡಾಡಿದರೆ ಇನ್ನೊಬ್ಬ ವೆಂಟಿಲೇಟರ್‌ಗೆ ಹೋಗುವುದು ಯಾಕೆ? ನಾವು ವೈದ್ಯರು ಇದನ್ನು ಆ ವರ್ಷವೆಲ್ಲ ಒಬ್ಬರನ್ನೊಬ್ಬರು ಕೇಳಿಕೊಂಡೆವು. ಉತ್ತರದ ಮೊದಲ ಎಳೆ ಸಿಕ್ಕಿದ್ದು ನೆದರ್‌ಲ್ಯಾಂಡ್ಸ್‌ನಲ್ಲಿ.

2020ರ ಮಾರ್ಚ್ ಕೊನೆ, ಏಪ್ರಿಲ್ ಮೊದಲ ಭಾಗ. ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಕುಟುಂಬಗಳು. ಒಂದು ಮನೆಯಿಂದ ಅಣ್ಣತಮ್ಮ ಇಬ್ಬರು, ಇನ್ನೊಂದು ಮನೆಯಿಂದಲೂ ಅಣ್ಣತಮ್ಮ ಇಬ್ಬರು. ನಾಲ್ವರೂ 21ರಿಂದ 32ರೊಳಗಿನ ಹುಡುಗರು, ಯಾರಿಗೂ ಹೇಳಿಕೊಳ್ಳುವಂಥ ಹಳೆಯ ಕಾಯಿಲೆ ಇರಲಿಲ್ಲ. ನಾಲ್ವರೂ ಐ.ಸಿ.ಯು. ಸೇರಿದರು, ನಾಲ್ವರಿಗೂ ವೆಂಟಿಲೇಟರ್ ಬೇಕಾಯಿತು. ಒಬ್ಬ ಉಳಿಯಲಿಲ್ಲ. ಒಂದೇ ತಾಯಿಯ ಇಬ್ಬರು ಗಟ್ಟಿಮುಟ್ಟು ಮಕ್ಕಳು ಹೀಗೆ ಬಿದ್ದರೆ ಅದನ್ನು ಕಾಕತಾಳೀಯ ಎಂದು ಬಿಟ್ಟುಬಿಡಲಾಗದು. ರಾಡ್‌ಬೌಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದ ತಳಿವಿಜ್ಞಾನಿಗಳು ಅವರ ವಂಶವಾಹಿಗಳನ್ನು ಪೂರ್ತಿ ಓದಿ ನೋಡಿದರು. ನಾಲ್ವರಲ್ಲೂ ಒಂದೇ ಜೀನ್ ಕೆಟ್ಟಿತ್ತು: ಟಿ.ಎಲ್.ಆರ್. 7. ಅದೇ ವರ್ಷದ ಜುಲೈನಲ್ಲಿ ಈ ವರದಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಅಚ್ಚಾಯಿತು.

ಈ ಜೀನ್‌ನ ಕೆಲಸವೇನು ಅಂದರೆ, ಒಳಹೊಕ್ಕ ವೈರಸ್ಸಿನ ಆರ್‌ಎನ್‌ಎಯನ್ನು ಗುರುತು ಹಿಡಿದು ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿದ ಕೂಡಲೇ ದೇಹ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸುರಿಸುತ್ತದೆ. ಲಂಡನ್ನಿನಲ್ಲಿ ಐಸಾಕ್ಸ್ ಮತ್ತು ಲಿಂಡೆನ್‌ಮನ್ ಇದನ್ನು ಕಂಡುಹಿಡಿದದ್ದು 1957ರಲ್ಲಿ. ನಮ್ಮ ಕಾಲದ ಪಠ್ಯಪುಸ್ತಕದಲ್ಲಿ ಅದಕ್ಕೆ ಒಂದು ಪುಟವೂ ಇರಲಿಲ್ಲ. ಇಂಟರ್‌ಫೆರಾನ್ ವೈರಸ್ಸನ್ನು ನೇರವಾಗಿ ಕೊಲ್ಲುವುದಿಲ್ಲ. ಸುತ್ತಮುತ್ತಲ ಜೀವಕೋಶಗಳನ್ನು ಎಚ್ಚರಿಸುತ್ತದೆ. ಎಚ್ಚೆತ್ತ ಕೋಶಗಳು ತಮ್ಮೊಳಗೆ ವೈರಸ್ ಹೆಚ್ಚಿಕೊಳ್ಳದ ಹಾಗೆ ಬಂದೋಬಸ್ತು ಮಾಡಿಕೊಳ್ಳುತ್ತವೆ. ಇದೆಲ್ಲ ಗಂಟೆಗಳ ಲೆಕ್ಕದಲ್ಲಿ ಆಗಬೇಕಾದ ಕೆಲಸ. ಪ್ರತಿಕಾಯಗಳು ತಯಾರಾಗಿ ಬರಲು ಒಂದು ವಾರ, ಹತ್ತು ದಿನ ಬೇಕು. ಅಲ್ಲಿಯವರೆಗೆ ಕೋಟೆ ಕಾಯುವುದು ಇಂಟರ್‌ಫೆರಾನೇ.

ಬಣವೆಗೆ ಕಿಡಿ ಬಿದ್ದದ್ದನ್ನು ಮೊದಲು ಕಂಡವರು ಕೂಗು ಹಾಕಿದರೆ ಒಂದು ಕೊಡ ನೀರಿನಲ್ಲಿ ಮುಗಿಯುತ್ತದೆ. ಕೂಗುವವರೇ ಇಲ್ಲದಿದ್ದರೆ ಉರಿ ಮೇಲೆದ್ದ ಮೇಲೆ ಊರಿಗೆ ಊರೇ ಓಡಿಬರುತ್ತದೆ. ನೀರು ಸುರಿದು, ಹುಲ್ಲು ಕೆದರಿ, ತುಳಿದು, ಬೆಂಕಿ ತಾಗದ ಹುಲ್ಲೂ ಹಾಳಾಗುತ್ತದೆ. ತೀವ್ರ ಕೋವಿಡ್‌ನಲ್ಲಿ ಎಳೆಯರ ಶ್ವಾಸಕೋಶಕ್ಕೆ ಆಗಿದ್ದು ಇದೇ. ಮೊದಲ ದಿನಗಳಲ್ಲಿ ಇಂಟರ್‌ಫೆರಾನ್ ಬರಲಿಲ್ಲ, ವೈರಸ್ ಸದ್ದಿಲ್ಲದೆ ಹೆಚ್ಚಿತು, ಎಂಟನೆಯ ದಿನದ ಹೊತ್ತಿಗೆ ದೇಹ ತಡವಾಗಿ ಎಚ್ಚೆತ್ತು ತನ್ನೆಲ್ಲ ಬಲವನ್ನೂ ಒಮ್ಮೆಗೇ ಪ್ರಯೋಗಿಸಿತು. ಆ ಉರಿಯೂತದಲ್ಲಿ ಶ್ವಾಸಕೋಶದ ಗಾಳಿಚೀಲಗಳು ನೀರು ತುಂಬಿಕೊಂಡವು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. "ಇಮ್ಯುನಿಟಿ ಜಾಸ್ತಿ ಇರುವ ಹುಡುಗರಿಗೇ ಕೊರೊನಾ ಜೋರಾಗುತ್ತೆ" ಎಂದು ಆಗ ಎಲ್ಲೆಡೆ ಹೇಳುತ್ತಿದ್ದರು. ಇನ್ನೊಂದು ಕಡೆ "ಇಮ್ಯುನಿಟಿ ಹೆಚ್ಚಿಸಿಕೊಳ್ಳಿ" ಎಂದು ಕಷಾಯ, ಪುಡಿ, ಗುಳಿಗೆ ಮಾರುವವರು. ಎರಡೂ ಮಾತು ತಪ್ಪಿದ್ದು ಒಂದೇ ಜಾಗದಲ್ಲಿ. ರೋಗನಿರೋಧಕ ಶಕ್ತಿ ಎಷ್ಟಿದೆ ಎಂಬುದಕ್ಕಿಂತ ಹೊತ್ತಿಗೆ ಸರಿಯಾಗಿ ಎದ್ದಿತೇ ಎಂಬುದು ಮುಖ್ಯ. ಮೆಣಸು ಶುಂಠಿಯ ಕಷಾಯ ಕುಡಿಯಿರಿ, ಗಂಟಲಿಗೆ ಹಿತ, ನಾನೂ ಕುಡಿಯುತ್ತೇನೆ. ಅದರಿಂದ ಕೆಟ್ಟ ಜೀನ್ ಸರಿಹೋಗುವುದಿಲ್ಲ.

ಟಿ.ಎಲ್.ಆರ್. 7 ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಹೆಣ್ಣಿಗೆ ಎಕ್ಸ್ ಎರಡು, ಒಂದು ಕೆಟ್ಟರೆ ಇನ್ನೊಂದು ನಿಭಾಯಿಸುತ್ತದೆ. ಗಂಡಿಗೆ ಇರುವುದೇ ಒಂದು. ಹಾಗಾಗಿ ತಾಯಿ ಆರೋಗ್ಯವಾಗಿಯೇ ಇದ್ದು, ಅವಳಿಂದ ಬಂದ ಕೊರತೆ ಗಂಡುಮಕ್ಕಳಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ನಡೆದ ಅಂತರರಾಷ್ಟ್ರೀಯ ಅಧ್ಯಯನದಲ್ಲಿ, ಪ್ರಾಣಾಪಾಯಕ್ಕೆ ಸಿಲುಕಿದ 60ರೊಳಗಿನ ಗಂಡಸರಲ್ಲಿ ಸುಮಾರು ಶೇ. 1.8ರಷ್ಟು ಮಂದಿಯಲ್ಲಿ ಈ ಜೀನ್‌ನ ದೋಷ ಕಂಡುಬಂತು.

ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ವಿಶ್ವವಿದ್ಯಾಲಯದ ಝಾನ್ ಲೊರಾನ್ ಕಸನೋವಾ ಎಂಬ ಮಕ್ಕಳ ವೈದ್ಯರು ಕೊರೊನಾಕ್ಕೆ ಎಷ್ಟೋ ಮೊದಲೇ ಇಂಥದ್ದನ್ನೇ ಹುಡುಕುತ್ತಿದ್ದವರು. ಸಾಮಾನ್ಯ ಸೋಂಕು ಕೆಲವೇ ಮಕ್ಕಳನ್ನು ಯಾಕೆ ಕೊಲ್ಲುತ್ತದೆ ಎಂಬುದು ಅವರ ಜೀವನದ ಪ್ರಶ್ನೆ. ಬರೀ ಫ್ಲೂ ಜ್ವರಕ್ಕೆ ಶ್ವಾಸಕೋಶ ಸೋತ ಒಂದು ಫ್ರೆಂಚ್ ಮಗುವಿನಲ್ಲಿ ಇಂಟರ್‌ಫೆರಾನ್ ಹೊರಡಿಸುವ ಇನ್ನೊಂದು ಜೀನ್ ಕೆಟ್ಟಿದ್ದನ್ನು ಅವರ ತಂಡ 2015ರಲ್ಲೇ ತೋರಿಸಿತ್ತು. 2020ರ ಸೆಪ್ಟೆಂಬರಿನಲ್ಲಿ ಅದೇ ತಂಡ ಕೋವಿಡ್ ಬಗ್ಗೆ ಎರಡು ಸಂಶೋಧನಾ ಪ್ರಬಂಧ ಪ್ರಕಟಿಸಿತು. ಒಂದರಲ್ಲಿ, ತೀವ್ರ ನ್ಯುಮೋನಿಯಾ ಆದ 659 ಮಂದಿಯಲ್ಲಿ 23 ಜನರಿಗೆ ಇಂಟರ್‌ಫೆರಾನ್‌ಗೆ ಸಂಬಂಧಿಸಿದ ಹುಟ್ಟುದೋಷ. ಅವರ ಪೈಕಿ 25ರಿಂದ 50ರ ನಡುವಿನ ನಾಲ್ವರಲ್ಲಿ ದೋಷ ಪೂರ್ತಿಯಾಗಿತ್ತು, ಆದರೂ ಅಷ್ಟು ವರ್ಷ ಯಾವ ವೈರಸ್ಸೂ ಅವರನ್ನು ಆಸ್ಪತ್ರೆಯ ಹಾಸಿಗೆಗೆ ತಳ್ಳಿರಲಿಲ್ಲ.

ಎರಡನೆಯ ಪ್ರಬಂಧ ಓದಿದಾಗ ನನ್ನ ನಿದ್ದೆ ಹಾರಿತ್ತು. ಪ್ರಾಣಾಪಾಯಕ್ಕೆ ಸಿಲುಕಿದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನನ್ನು ಹಿಡಿದು ಕಟ್ಟಿಹಾಕುವ ಪ್ರತಿಕಾಯಗಳಿದ್ದವು. ಆ 101ರಲ್ಲಿ 95 ಗಂಡಸರು. ರೋಗ ಹಗುರಾಗಿ ಬಂದುಹೋದ 663 ಮಂದಿಯಲ್ಲಿ ಒಬ್ಬರಲ್ಲೂ ಇಂಥ ಪ್ರತಿಕಾಯ ಇರಲಿಲ್ಲ. ಅಂದರೆ ಇಲ್ಲಿ ಜೀನ್ ನೆಟ್ಟಗಿದೆ, ಇಂಟರ್‌ಫೆರಾನ್ ಹೊರಡುತ್ತದೆ, ಆದರೆ ದಾರಿಯಲ್ಲೇ ನಮ್ಮವರೇ ಅದರ ಕೈ ಹಿಡಿಯುತ್ತಾರೆ. ಈ ಪ್ರತಿಕಾಯಗಳು 70 ದಾಟಿದವರಲ್ಲಿ ಹೆಚ್ಚು. ಆದರೆ ನಡುವಯಸ್ಸಿನವರಲ್ಲೂ, ಕೆಲವೊಮ್ಮೆ ಅದಕ್ಕೂ ಚಿಕ್ಕವರಲ್ಲೂ ಇರುತ್ತವೆ, ಮತ್ತು ಇರುವುದು ಅವರಿಗೇ ಗೊತ್ತಿರುವುದಿಲ್ಲ. ದಿನಾ ಜಿಮ್‌ಗೆ ಹೋಗುವವನ ಮೈಕಟ್ಟಾಗಲಿ, ಮ್ಯಾರಥಾನ್ ಓಡುವವಳ ಉಸಿರಾಗಲಿ ಇದನ್ನು ಹೇಳಲಾರದು.

ಕಾಣದ ಕಾರಣಗಳ ಮಾತಾಯಿತು. ಕಾಣಬಹುದಾಗಿದ್ದೂ ನಾವು ನೋಡದೆ ಬಿಟ್ಟ ಕಾರಣಗಳು ಇದಕ್ಕಿಂತ ಹೆಚ್ಚು ಹುಡುಗರನ್ನು ಮಲಗಿಸಿದವು. ಅಮೆರಿಕದ ಆಸ್ಪತ್ರೆಗಳಿಗೆ 2020ರಲ್ಲಿ ದಾಖಲಾದ 18ರಿಂದ 34ರೊಳಗಿನ 3,222 ಕೋವಿಡ್ ರೋಗಿಗಳ ಲೆಕ್ಕ ಒಂದಿದೆ. ಅವರಲ್ಲಿ ಶೇ. 21ರಷ್ಟು ಮಂದಿ ಐ.ಸಿ.ಯು. ಸೇರಿದರು, ಶೇ. 10ರಷ್ಟು ಮಂದಿಗೆ ವೆಂಟಿಲೇಟರ್ ಬೇಕಾಯಿತು, ಶೇ. 2.7ರಷ್ಟು ಮಂದಿ ಸತ್ತರು. ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಬೊಜ್ಜು, ಐದರಲ್ಲಿ ಹತ್ತಿರಹತ್ತಿರ ಒಬ್ಬರಿಗೆ ಸಕ್ಕರೆ ಕಾಯಿಲೆ. ಅತಿಬೊಜ್ಜು, ಬಿ.ಪಿ., ಶುಗರ್ ಕೂಡಿಬಂದ ಹುಡುಗರಿಗೆ ನಡುವಯಸ್ಸಿನವರಷ್ಟೇ ಅಪಾಯ. ಹೊಟ್ಟೆಯ ಕೊಬ್ಬು ಸುಮ್ಮನೆ ಕೂತಿರುವ ಹೊರೆಯಲ್ಲ, ಅದು ಸದಾ ಸಣ್ಣಗೆ ಉರಿಯೂತ ಹುಟ್ಟಿಸುತ್ತಲೇ ಇರುತ್ತದೆ. ಮಲಗಿದಾಗ ವಪೆಯನ್ನು ಒತ್ತಿ ಶ್ವಾಸಕೋಶದ ತಳಭಾಗ ಅರಳದಂತೆ ಮಾಡುತ್ತದೆ. ನಮ್ಮ ಜನರ ಪಾಡು ಇನ್ನೂ ಸೂಕ್ಷ್ಮ. ಕೈಕಾಲು ಸಣ್ಣಗಿದ್ದು ಹೊಟ್ಟೆಯೊಂದೇ ಮುಂದೆ ಬಂದವರಲ್ಲಿ ತೂಕದ ಯಂತ್ರ "ಸರಿಯಿದೆ" ಅನ್ನುವಾಗಲೇ ಶುಗರ್ ಶುರುವಾಗಿರುತ್ತದೆ.

ಎರಡನೆಯ ಅಲೆಯಲ್ಲಿ ವೈದ್ಯರು ಸಾಲದೆ, ನಿವೃತ್ತಳಾಗಿದ್ದ ನಾನೂ ತಾಲ್ಲೂಕು ಆಸ್ಪತ್ರೆಗೆ ಮರಳಿದ್ದೆ. 2021ರ ಮೇ ತಿಂಗಳು. ರಾಜ್ಯದಲ್ಲಿ ದಿನಕ್ಕೆ 50,000ದಷ್ಟು ಹೊಸ ಪ್ರಕರಣ ಬರುತ್ತಿದ್ದ ದಿನಗಳು. 18 ದಾಟಿದವರಿಗೆ ಲಸಿಕೆಯ ಬಾಗಿಲು ತೆರೆದದ್ದೇ ಆ ಮೇ 1ರಂದು, ವೈರಸ್ಸಿನ ಡೆಲ್ಟಾ ರೂಪಾಂತರಿ ಅಷ್ಟರಲ್ಲಿ ಊರೂರು ಸುತ್ತಿಯಾಗಿತ್ತು. ಹಿರಿಯರಲ್ಲಿ ಹಲವರಿಗೆ ಒಂದು ಡೋಸಾದರೂ ಸಿಕ್ಕಿತ್ತು, ದುಡಿಯಲು ಹೊರಗೆ ಹೋಗಲೇಬೇಕಾಗಿದ್ದ ನಿಮ್ಮ ವಯಸ್ಸಿನವರು ಬರಿಗೈಯಲ್ಲಿದ್ದರು. ಮೊದಲ ಅಲೆಗಿಂತ ಎರಡನೆಯದರಲ್ಲಿ ಎಳೆಯ ಮುಖಗಳು ಜಾಸ್ತಿ ಕಂಡದ್ದಕ್ಕೆ ಇದೂ ಕಾರಣ. ಬಸುರಿ ಹೆಣ್ಣುಮಕ್ಕಳಂತೂ ಕಣ್ಣೆದುರೇ ಸೊರಗಿದರು. ಅವರಿಗೆ ಲಸಿಕೆಗೆ ಅನುಮತಿ ಬಂದದ್ದು ಜುಲೈ ತಿಂಗಳಲ್ಲಿ.

ಒಬ್ಬ ಹುಡುಗ ತಾನೇ ಬೈಕ್ ಓಡಿಸಿಕೊಂಡು ಬಂದ. ಸ್ಟ್ಯಾಂಡ್ ಹಾಕಿ, ಹೆಲ್ಮೆಟ್ ಕನ್ನಡಿಗೆ ಸಿಕ್ಕಿಸಿ, ಸಾಲಿನಲ್ಲಿ ನಿಂತ. ನರ್ಸ್ ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 81. ಯಂತ್ರ ಕೆಟ್ಟಿದೆ ಅಂದುಕೊಂಡು ಇನ್ನೊಂದನ್ನು ಹಾಕಿದೆವು, ಕೈ ತಣ್ಣಗಿದೆಯೇನೋ ಎಂದು ಉಜ್ಜಿ ಮತ್ತೆ ನೋಡಿದೆವು. 80. "ಏನಿಲ್ಲ ಮೇಡಂ, ಸ್ವಲ್ಪ ಸುಸ್ತು ಅಷ್ಟೆ" ಅಂದ. ಮಾತು ಮಾತ್ರ ನಾಲ್ಕು ಪದಕ್ಕೊಮ್ಮೆ ತುಂಡಾಗುತ್ತಿತ್ತು, ಅವನಿಗೆ ಅದರ ಅರಿವಿರಲಿಲ್ಲ. ತುಟಿಯ ಒಳಬದಿ ನೇರಳೆ. ಜ್ವರ ಎಷ್ಟು ದಿನದಿಂದ ಎಂದರೆ ಬೆರಳು ಮಡಚಿ ಎಣಿಸಲು ಹೋಗಿ ಲೆಕ್ಕ ತಪ್ಪಿದ. ಅವನ ಹೆಂಡತಿಗೆ ಫೋನ್ ಮಾಡಿ ಕೇಳಿದೆವು, ಒಂಬತ್ತು ದಿನ. ರಕ್ತದ ಸಕ್ಕರೆ ನೋಡಿದರೆ ನಾನೂರರ ಹತ್ತಿರ. ಅದುವರೆಗೆ ಯಾರೂ ಅವನ ಶುಗರ್ ನೋಡಿರಲೇ ಇಲ್ಲ. ಇಪ್ಪತ್ತೆಂಟರ ಹುಡುಗನಿಗೆ ಯಾಕೆ ನೋಡಬೇಕು ಎಂದು ಎಲ್ಲರೂ ಅಂದುಕೊಂಡಿದ್ದರು.

ಎಂಬತ್ತಕ್ಕೆ ಇಳಿದರೂ ದಮ್ಮು ಕಟ್ಟಲಿಲ್ಲವೇಕೆ ಎಂದು ನೀವು ಕೇಳಬಹುದು. ಉಸಿರುಗಟ್ಟಿದ ಅನುಭವ ನಮಗೆ ಬರುವುದು ಹೆಚ್ಚಾಗಿ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಾಗ. ಕೋವಿಡ್‌ನ ಆರಂಭದಲ್ಲಿ ಶ್ವಾಸಕೋಶ ಆಮ್ಲಜನಕ ಎಳೆದುಕೊಳ್ಳಲು ಸೋತರೂ ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುತ್ತದೆ. ಗಟ್ಟಿ ಹೃದಯದ ಹುಡುಗರಲ್ಲಿ ಈ ಮೋಸ ಇನ್ನೂ ಹೆಚ್ಚು ಹೊತ್ತು ನಡೆಯುತ್ತದೆ. ಹಿರಿಯರಲ್ಲಿ ಹಲವರು 90ಕ್ಕೇ ಏದುಸಿರು ಬಿಟ್ಟು ಆಸ್ಪತ್ರೆಗೆ ಬರುತ್ತಾರೆ. ನೀವು ತಡೆದುಕೊಳ್ಳುತ್ತೀರಿ, ತಡೆದುಕೊಂಡು ತಡವಾಗಿ ಬರುತ್ತೀರಿ.

ಆದ್ದರಿಂದ ನನ್ನ ಮೊದಲ ಮಾತು: ಜ್ವರ ಬಂದ ದಿನವನ್ನು ಬರೆದಿಡಿ. ಫೋನಿನಲ್ಲೋ ಕ್ಯಾಲೆಂಡರಿನಲ್ಲೋ ಎಲ್ಲಾದರೂ ಸರಿ. ಕೋವಿಡ್ ತಿರುಗಿ ಬೀಳುವುದು ಐದನೆಯ ದಿನದಿಂದ ಹತ್ತನೆಯ ದಿನದೊಳಗೆ. ಮೂರನೆಯ ದಿನ ಹಗುರಾಯಿತೆಂದು ಆಟಕ್ಕೋ ಕೆಲಸಕ್ಕೋ ಹೊರಟವನು ಏಳನೆಯ ದಿನ ಬೀಳುವುದನ್ನು ನೋಡಿದ್ದೇನೆ. ಆ ದಿನಗಳಲ್ಲಿ ಬೆಳಿಗ್ಗೆ ಸಂಜೆ ಆಕ್ಸಿಮೀಟರ್ ಹಾಕಿ, ಉಗುರು ಬಣ್ಣ ಇದ್ದರೆ ತೆಗೆದು, ಕೂತು ಒಂದು ನಿಮಿಷ ಬಿಟ್ಟು ನೋಡಿ. ರೂಮಿನೊಳಗೇ ಆರು ನಿಮಿಷ ನಡೆದು ಮತ್ತೆ ನೋಡಿ. ಕೂತಾಗಲೇ 94ಕ್ಕಿಂತ ಕೆಳಗಿದ್ದರೆ, ನಡೆದ ಮೇಲೆ ಸರಸರ ಇಳಿದರೆ, ಯಾರ ಅಪ್ಪಣೆಗೂ ಕಾಯದೆ ಆಸ್ಪತ್ರೆಗೆ ಹೊರಡಿ. ಬೈಕ್ ನೀವು ಓಡಿಸಬೇಡಿ. ಒಬ್ಬರೇ ಇರುವವರು ದಿನಕ್ಕೆರಡು ಸಲ ಮನೆಗೆ ಫೋನ್ ಮಾಡಿ, ಮೆಸೇಜ್ ಸಾಲದು; ದನಿ ತುಂಡಾಗುವುದು ಅಮ್ಮನ ಕಿವಿಗೆ ಮೊದಲು ಗೊತ್ತಾಗುತ್ತದೆ.

ಎರಡನೆಯದು ಸ್ಟೀರಾಯ್ಡ್. 2020ರ ಜೂನ್‌ನಲ್ಲಿ ಇಂಗ್ಲೆಂಡಿನ ರಿಕವರಿ ಪ್ರಯೋಗ ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧಿಯ ಫಲ ತೋರಿಸಿತು. ವೆಂಟಿಲೇಟರ್‌ನಲ್ಲಿದ್ದವರ ಸಾವು ಮೂರನೆಯ ಒಂದರಷ್ಟು, ಆಕ್ಸಿಜನ್ ಮೇಲಿದ್ದವರ ಸಾವು ಐದನೆಯ ಒಂದರಷ್ಟು ಇಳಿಯಿತು. ಆಕ್ಸಿಜನ್ ಬೇಡದವರಿಗೆ ಮಾತ್ರ ಏನೂ ಉಪಯೋಗವಾಗಲಿಲ್ಲ. ನಮ್ಮಲ್ಲಿ ಆ ಕೊನೆಯ ಸಾಲನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ವಾಟ್ಸಾಪ್‌ನಲ್ಲಿ ಬಂದ ಚೀಟಿ ಹಿಡಿದು ಎರಡನೆಯ ದಿನಕ್ಕೇ ಸ್ಟೀರಾಯ್ಡ್ ನುಂಗಿದವರಿದ್ದರು. ವೈರಸ್ ಹೆಚ್ಚುತ್ತಿರುವ ದಿನಗಳಲ್ಲಿ ದೇಹದ ಕಾವಲನ್ನು ನಾವೇ ಮಲಗಿಸಿದಂತಾಯಿತು, ಸಕ್ಕರೆ ಏರಿತು, ಹಿಂದೆಯೇ ಬ್ಲ್ಯಾಕ್ ಫಂಗಸ್ ಬಂತು. 2021ರ ಜೂನ್ ಕೊನೆಗೆ ದೇಶದಲ್ಲಿ ಅದರ ಪ್ರಕರಣ 40,000 ದಾಟಿದ್ದವು. ಕಣ್ಣು ಕಳೆದುಕೊಂಡ ಯುವಕರನ್ನು ನೋಡಿದವಳು ಹೇಳುತ್ತಿದ್ದೇನೆ, ಮೆಡಿಕಲ್ ಶಾಪಿನವನು ಕೊಟ್ಟನೆಂದು ಆ ಮಾತ್ರೆ ನುಂಗಬೇಡಿ.

ಲಸಿಕೆಯ ಬಗ್ಗೆಯೂ ನಿಮ್ಮ ಮನಸ್ಸಿನಲ್ಲಿ ಅಳುಕಿದೆ ಎಂದು ಬಲ್ಲೆ. 2025ರಲ್ಲಿ ಹಾಸನ ಜಿಲ್ಲೆಯಲ್ಲಿ ಎಳೆಯರು ಹೃದಯಾಘಾತದಿಂದ ಸತ್ತ ಸುದ್ದಿ ಮೇಲಿಂದ ಮೇಲೆ ಬಂದಾಗ ಲಸಿಕೆಯ ಮೇಲೆ ಗುಮಾನಿ ಹರಡಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 18ರಿಂದ 45ರೊಳಗಿನವರ ಹಠಾತ್ ಸಾವುಗಳನ್ನು 47 ಆಸ್ಪತ್ರೆಗಳ ಮೂಲಕ ಪರಿಶೀಲಿಸಿ 2023ರಲ್ಲೇ ವರದಿ ಕೊಟ್ಟಿತ್ತು. ಎರಡು ಡೋಸ್ ಪಡೆದವರಲ್ಲಿ ಅಪಾಯ ಕಡಿಮೆಯೇ ಇತ್ತು. ಅಪಾಯ ಹೆಚ್ಚಿದ್ದು ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದವರಿಗೆ, ಮನೆತನದಲ್ಲಿ ಹಠಾತ್ ಸಾವು ಕಂಡವರಿಗೆ, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ವಿಪರೀತ ಕುಡಿದವರಿಗೆ, ಮೈಮೀರಿ ವ್ಯಾಯಾಮ ಮಾಡಿದವರಿಗೆ. ತೀವ್ರ ಕಾಯಿಲೆಯಿಂದ ಎದ್ದು ಬಂದವರು ಜಿಮ್‌ಗೆ ಮರಳುವ ಮೊದಲು ವೈದ್ಯರನ್ನು ಕಾಣಬೇಕು ಎಂದು ನಾನು ಗೋಗರೆಯುವುದು ಇದಕ್ಕೇ.

ನಮ್ಮ ಕಡೆಯ ಜನರ ವಂಶವಾಹಿಯ ಬಗ್ಗೆ ಒಂದು ಮಾತು, ಯಾಕೆಂದರೆ ನಿಮ್ಮಲ್ಲಿ ಓದಿದವರು ಇದನ್ನು ಕೇಳಿ ಹೆದರಿದ್ದೀರಿ. ನಿಯಾಂಡರ್ತಲ್ ಪೂರ್ವಜರಿಂದ ಬಂದ, ಕೋವಿಡ್ ತೀವ್ರವಾಗುವ ಸಾಧ್ಯತೆ ಹೆಚ್ಚಿಸುವ ಮೂರನೆಯ ವರ್ಣತಂತುವಿನ ಒಂದು ತುಣುಕು ದಕ್ಷಿಣ ಏಷ್ಯಾದ ಅರ್ಧದಷ್ಟು ಜನರಲ್ಲಿದೆ, ಯುರೋಪಿನಲ್ಲಿ ಸುಮಾರು ಶೇ. 16ರಷ್ಟು ಜನರಲ್ಲಿ. ಇದನ್ನು ತೋರಿಸಿದವರು ಹ್ಯೂಗೊ ಝೀಬರ್ಗ್ ಮತ್ತು ಮುಂದೆ 2022ರಲ್ಲಿ ನೊಬೆಲ್ ಪಡೆದ ಸ್ವಾಂಟೆ ಪೇಬೊ. ನಮ್ಮಲ್ಲಿ ಅರ್ಧ ಜನ ಅದನ್ನು ಹೊತ್ತೇ ಈ ರೋಗವನ್ನು ದಾಟಿ ಬಂದಿದ್ದೇವೆ. ಅದನ್ನು ನೆನೆದು ನಿದ್ದೆಗೆಡುವುದಕ್ಕಿಂತ ವರ್ಷಕ್ಕೊಮ್ಮೆ ಶುಗರ್, ಬಿ.ಪಿ. ನೋಡಿಸಿ, ಸೊಂಟದ ಸುತ್ತಳತೆ ಅಳೆದುಕೊಳ್ಳಿ.

ಈಗ ಕಾಲ ಬದಲಾಗಿದೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದಿತು. ಲಸಿಕೆಯಿಂದಲೋ ಹಿಂದಿನ ಸೋಂಕಿನಿಂದಲೋ ನಮ್ಮೆಲ್ಲರ ದೇಹಕ್ಕೂ ಈ ವೈರಸ್ಸಿನ ಪರಿಚಯವಾಗಿದೆ. ಇಂಟರ್‌ಫೆರಾನ್ ತಡಮಾಡಿದರೂ ಹಳೆಯ ಪ್ರತಿಕಾಯಗಳು ಮೊದಲೇ ನಿಂತಿರುತ್ತವೆ. ಹಾಗೆಂದು ಇಂಟರ್‌ಫೆರಾನ್‌ನ ಕೊರತೆ ಕೋವಿಡ್‌ಗೆ ಮಾತ್ರ ಸೀಮಿತವಲ್ಲ. ಆ ಫ್ರೆಂಚ್ ಮಗುವನ್ನು ಕಂಗೆಡಿಸಿದ್ದು ಬರೀ ಫ್ಲೂ.

ಇನ್ನೊಂದು ಮಾತು ಬಹಳ ದಿನದಿಂದ ನನ್ನ ಎದೆಯಲ್ಲಿದೆ. ಮಗನನ್ನು ಕಳೆದುಕೊಂಡ ತಾಯಿಯೊಬ್ಬರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, "ಚಿಕ್ಕಂದಿನಲ್ಲಿ ಹಾಲು ಮೊಸರು ಸರಿಯಾಗಿ ಕೊಡಲಿಲ್ಲ, ಅದಕ್ಕೇ ಶಕ್ತಿ ಇರಲಿಲ್ಲವಾ?" ಎಂದು ಕೇಳಿದರು. ಬಂಧುಗಳು ಅವರ ಬೆನ್ನ ಹಿಂದೆ "ಹುಡುಗನಿಗೆ ಏನೋ ಚಟ ಇದ್ದಿರಬೇಕು" ಎಂದು ಮಾತಾಡಿಕೊಳ್ಳುತ್ತಿದ್ದರು. ನಿಮ್ಮ ಗೆಳೆಯನೋ ಗೆಳತಿಯೋ ಹೀಗೆ ಹೋದರೆ, ಅಥವಾ ಆಗ ಹೋಗಿದ್ದರೆ, ದಯವಿಟ್ಟು ಆ ಮಾತಿಗೆ ದನಿಗೂಡಿಸಬೇಡಿ. ಹುಟ್ಟಿನಿಂದ ಬಂದ ಒಂದು ಅಕ್ಷರದ ತಪ್ಪಿಗೆ, ತಾನೇ ಹುಟ್ಟಿಕೊಂಡ ಒಂದು ಪ್ರತಿಕಾಯಕ್ಕೆ, ಯಾರೂ ಹೊಣೆಯಲ್ಲ. ಇಷ್ಟನ್ನು ಅವರ ಮನೆಗೆ ಹೋಗಿ, ಆ ತಾಯಿಯ ಪಕ್ಕ ಕೂತು ಹೇಳಿ. ನಾನು ಹೇಳಿದ್ದೆ, ಅವರು ಬಹಳ ಹೊತ್ತು ನನ್ನ ಕೈ ಬಿಡಲಿಲ್ಲ.

ನಿಮ್ಮ ಮನೆಯಲ್ಲೇ 50ರೊಳಗಿನ ಯಾರಾದರೂ, ಬೇರೆ ಕಾಯಿಲೆಯಿಲ್ಲದೆಯೂ ಕೋವಿಡ್‌ನಲ್ಲೋ ಫ್ಲೂನಲ್ಲೋ ವೆಂಟಿಲೇಟರ್‌ವರೆಗೆ ಹೋಗಿದ್ದರೆ, ಅದನ್ನು ಮುಚ್ಚಿಡಬೇಡಿ. ಅಣ್ಣ, ತಮ್ಮ, ಸೋದರಮಾವ, ದೊಡ್ಡಮ್ಮ ಚಿಕ್ಕಮ್ಮಂದಿರ ಗಂಡುಮಕ್ಕಳು, ಎಲ್ಲರಿಗೂ ತಿಳಿದಿರಲಿ. ಮುಂದೆ ನಿಮಗೆ ಜ್ವರ ಬಂದು ವೈದ್ಯರ ಬಳಿ ಹೋದಾಗ, ಅವರು ನಾಲಿಗೆ ತೋರಿಸಿ ಅನ್ನುವ ಮೊದಲೇ ಈ ವಿಷಯ ಹೇಳಿ, ಜ್ವರ ಎಷ್ಟನೆಯ ದಿನ ಎಂಬುದನ್ನೂ ಹೇಳಿ.